ಫಡ್ಜ್ ಮಿಕ್ಸ್ ಲಾಭವಾ? ದೊಡ್ಡಮ್ಮನ ಐದು ಕೆಜಿ ಲೆಕ್ಕ

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಬೆಳ್ತಂಗಡಿಯಿಂದ ನಮ್ಮ ದೊಡ್ಡಮ್ಮನ ಫೋನ್ ಬಂತು. ಪಕ್ಕದ ಮನೆಯವರು ಎಂಗೇಜ್‌ಮೆಂಟ್‌ಗೆ ಐದು ಕೆಜಿ ಚಾಕೊಲೇಟ್ ಬರ್ಫಿ ಮಾಡಿಕೊಡಿ ಅಂತ ಕೇಳಿದ್ದರಂತೆ. ಕೆಜಿಗೆ 500 ರೂಪಾಯಿ ಅಂತ ಮಾತಾಗಿತ್ತು. ದೊಡ್ಡಮ್ಮ ಬೀಡಿ ಕಟ್ಟುವವರು. ಸಿಹಿ ಮಾಡಿ ದುಡ್ಡು ತಗೊಳ್ಳುದು ಅದೇ ಮೊದಲು. ಅವರ ಸೊಸೆ ಮೊಬೈಲ್‌ನಲ್ಲಿ ಫಡ್ಜ್ ಮಿಕ್ಸ್ ತೋರಿಸಿ, "ಅತ್ತೆ, ಇದು ತರಿಸಿದ್ರೆ ಪಾಕದ ರಗಳೆಯೇ ಇಲ್ಲ" ಅಂದಿದ್ದಳು. "ನೀನು ಇಂಜಿನಿಯರಿಂಗ್ ಓದುದಲ್ವಾ ಮಗಾ, ಲೆಕ್ಕ ಹಾಕಿ ಹೇಳು. ಪ್ಯಾಕೆಟ್ ತರಿಸುದಾ, ನಾನೇ ಪಾಕ ಹಿಡಿಯುದಾ?" ಲಾಸ್ ಆದ್ರೆ ಹೋಗುದು ಅವರ ಬೀಡಿ ದುಡ್ಡು. ಹಾಗಾಗಿ ಇಂಟರ್ನಲ್ಸ್ ಇದ್ರೂ ಕೂತು ಲೆಕ್ಕ ಹಾಕಿದೆ.

ಮೊದಲು ಫಡ್ಜ್ ಅಂದ್ರೆ ಎಂತ ಅಂತ ನೋಡುವ. ಇದು ಹೆಸರು ಮಾಡಿದ್ದೇ ಕಾಲೇಜಿನಲ್ಲಿ. ಅಮೆರಿಕದ ವಾಸರ್ ಕಾಲೇಜಿನ ವಿದ್ಯಾರ್ಥಿನಿ ಎಮಿಲಿನ್ ಹಾರ್ಟ್ರಿಜ್ 1888ರಲ್ಲಿ ಅಲ್ಲಿಯ ಸೀನಿಯರ್ ಹರಾಜಿಗೆ 30 ಪೌಂಡ್, ಅಂದ್ರೆ ಹದಿಮೂರು ಕೆಜಿಗಿಂತ ಹೆಚ್ಚು ಫಡ್ಜ್ ಮಾಡಿದ್ದಳು. ಅವರ ಹತ್ತಿರ ಮಿಕ್ಸ್ ಇರಲಿಲ್ಲ, ಥರ್ಮಾಮೀಟರ್ ಕೂಡ ಅಡುಗೆಮನೆಯ ಸಾಮಾನಾಗಿರಲಿಲ್ಲ.

ಕೆಲಸ ಇಷ್ಟೇ. ಸಕ್ಕರೆ, ಹಾಲು, ಬೆಣ್ಣೆ, ಕೊಕ್ಕೋ ಸೇರಿಸಿ ಸುಮಾರು 112ರಿಂದ 116 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಸುದು. ತಣ್ಣೀರಿಗೆ ಒಂದು ಹನಿ ಹಾಕಿದ್ರೆ ಮೆತ್ತಗಿನ ಉಂಡೆ ಆಗ್ತದೆ, ಅದೇ ಹದ. ನೀರು ಹೋಗಿ ಸಕ್ಕರೆ ಜಾಸ್ತಿ ಉಳಿದದ್ದರಿಂದ, ಆರುತ್ತಾ ಬಂದ ಹಾಗೆ ದ್ರಾವಣ ಸೂಪರ್ ಸ್ಯಾಚುರೇಟೆಡ್ ಆಗ್ತದೆ. ಬಿಸಿ ಇರುವಾಗಲೇ ಕದಡಿದ್ರೆ ದೊಡ್ಡ ದೊಡ್ಡ ಹರಳು ಬಂದು ಬಾಯಿಗೆ ಮರಳಿನ ಹಾಗೆ ಸಿಗ್ತದೆ. 45-50 ಡಿಗ್ರಿಗೆ ಇಳಿಯುವವರೆಗೆ ಸುಮ್ಮನೆ ಬಿಟ್ಟು, ಆಮೇಲೆ ಚೆನ್ನಾಗಿ ತಿರುವಿದ್ರೆ ತುಂಬಾ ಸಣ್ಣ ಹರಳು ಒಟ್ಟಿಗೇ ಹುಟ್ಟಿ ನುಣ್ಣಗಾಗ್ತದೆ. ನಮ್ಮ ಹಾಲಿನ ಪುಡಿಯ ಬರ್ಫಿ ಇದರ ತಂಗಿ. ಅಲ್ಲಿ ಒಂದೆಳೆ ಪಾಕಕ್ಕೇ ನಿಲ್ಲಿಸ್ತಾರೆ, ಉಳಿದ ನೀರನ್ನು ಹಾಲಿನ ಪುಡಿ ಹೀರಿಕೊಳ್ತದೆ.

ಹಾಗಾದ್ರೆ ಮಿಕ್ಸ್‌ನವರು ನಮಗೆ ಮಾರುದು ಎಂತ? ನುಣ್ಣಗೆ ಪುಡಿ ಮಾಡಿದ ಸಕ್ಕರೆ. ಹರಳು ಮೊದಲೇ ಸಣ್ಣದು ಮಾಡಿ ಇಟ್ಟಿರ್ತಾರೆ, ನಾವು ಬೆಣ್ಣೆ, ಹಾಲು ಸೇರಿಸಿ ಬಿಸಿ ಮಾಡಿ ಟ್ರೇಗೆ ಸುರಿದ್ರೆ ಆಯ್ತು. ಪಾಕದ ಸ್ಟೆಪ್ ಸ್ಕಿಪ್. ನಂಬಿಕೆ ಇಲ್ಲದಿದ್ರೆ ಪ್ಯಾಕೆಟ್ ಹಿಂದೆ ಓದಿ. ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಯಾವುದು ತೂಕದಲ್ಲಿ ಜಾಸ್ತಿಯೋ ಅದರ ಹೆಸರು ಮೊದಲು ಬರಬೇಕು. ಸೊಸೆ ಕಳಿಸಿದ ಫೋಟೋದಲ್ಲಿ ಮೊದಲ ಹೆಸರೇ ಸಕ್ಕರೆ. ಕೊಕ್ಕೋ ಮೂರನೆಯದು.

ಈಗ ಲೆಕ್ಕ. ನಾನು ಹಿಡಿದ ರೇಟ್ ಅಂದಾಜಿನದ್ದು, ನಿಮ್ಮ ಅಂಗಡಿಯ ರೇಟ್ ಹಾಕಿ ಬದಲಾಯಿಸಿಕೊಳ್ಳಿ. ದೊಡ್ಡಮ್ಮನ ಅಳತೆ: ಸಕ್ಕರೆ 400 ಗ್ರಾಂ (18 ರೂ.), ಹಾಲಿನ ಪುಡಿ 250 ಗ್ರಾಂ (112 ರೂ.), ತುಪ್ಪ 100 ಗ್ರಾಂ (70 ರೂ.), ಕೊಕ್ಕೋ ಪುಡಿ 50 ಗ್ರಾಂ (55 ರೂ.). ಒಟ್ಟು 255 ರೂಪಾಯಿ. ಪಾಕದಲ್ಲಿ ಉಳಿಯುವ ನೀರು ಸೇರಿ ಸುಮಾರು 850 ಗ್ರಾಂ ಬರ್ಫಿ. ಕೆಜಿಗೆ 300 ರೂಪಾಯಿ ಬಿತ್ತು.

ಮಿಕ್ಸ್: 400 ಗ್ರಾಂ ಪ್ಯಾಕೆಟ್ 200 ರೂಪಾಯಿ. ಆದ್ರೆ ಅದಕ್ಕೆ 100 ಗ್ರಾಂ ಬೆಣ್ಣೆ ಮತ್ತೆ ಸ್ವಲ್ಪ ಹಾಲು ನಾವೇ ಹಾಕಬೇಕು, ಇದನ್ನು ಎಲ್ಲರೂ ಮರೀತಾರೆ. ಅದೂ ಸೇರಿದ್ರೆ 550 ಗ್ರಾಂಗೆ 260 ದಾಟ್ತದೆ. ಕೆಜಿಗೆ 470 ಚಿಲ್ಲರೆ.

ಐದು ಕೆಜಿಗೆ ಹಾಕಿ ನೋಡಿ. ಕೈಯಲ್ಲಿ ಮಾಡಿದ್ರೆ ಗ್ಯಾಸ್ ಸೇರಿ 1,550ರ ಹತ್ತಿರ. ಮಿಕ್ಸ್‌ನಲ್ಲಿ ಒಂಬತ್ತು ಪ್ಯಾಕೆಟ್, 2,365 ರೂಪಾಯಿ. ಬರುದು 2,500. ಅಂದ್ರೆ ಒಂದರಲ್ಲಿ ಕೈಗೆ 950 ಉಳೀತದೆ, ಇನ್ನೊಂದರಲ್ಲಿ 135. ಇದನ್ನು ನೋಡಿದ ಮೇಲೆ ನನಗೆ ಫೋನ್ ಮಾಡಿ ಹೇಳುವ ಧೈರ್ಯ ಬಂತು.

ಆದ್ರೆ ಟೈಮ್? ಪಾಕ ಹಿಡಿದು ಮಾಡಿದ್ರೆ ಎರಡು ಗಂಟೆ ಜಾಸ್ತಿ. ನಾನು ಗಂಟೆಗೆ 100 ರೂಪಾಯಿ ಅಂತ ಕೂಲಿ ಹಾಕಿದ್ದೆ. ಅದನ್ನು ಕೇಳಿ ದೊಡ್ಡಮ್ಮ ನಕ್ಕರು. ಅವರು ಗಂಟೆಗೆ ಕಟ್ಟುದು ಎಂಬತ್ತೋ ತೊಂಬತ್ತೋ ಬೀಡಿ, ಕೂಲಿ ಸಾವಿರದ ಲೆಕ್ಕದಲ್ಲಿ. "ಎರಡು ಗಂಟೆಗೆ ಐವತ್ತು ರೂಪಾಯಿ ಸಹ ಆಗುದಿಲ್ಲ ಮಗಾ" ಅಂದ್ರು. ಮಿಕ್ಸ್ ಕಂಪನಿ ಅದೇ ಎರಡು ಗಂಟೆಗೆ ಅವರಿಂದ 815 ರೂಪಾಯಿ ಕೇಳ್ತಾ ಇತ್ತು. 'ಟೈಮ್ ಸೇವಿಂಗ್' ಅಂತ ಪ್ಯಾಕೆಟ್ ಮೇಲೆ ಬರೆಯುವವರು ಯಾರ ಟೈಮ್, ಎಷ್ಟು ರೇಟಿನ ಟೈಮ್ ಅಂತ ಬರೆಯುದಿಲ್ಲ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಅಕ್ಕನಿಗೆ ಇದೇ ಪ್ಯಾಕೆಟ್ ಚೀಪ್ ಆಗಬಹುದು, ಅದು ಸುಳ್ಳಲ್ಲ.

ಹಾಸ್ಟೆಲ್‌ನವರಿಗೂ ಉತ್ತರ ಬೇರೆ. ರೂಮಿನ ನಾಲ್ಕು ಜನಕ್ಕೆ ಕಾಲು ಕೆಜಿ ಸಾಕು ಅಂತಾದ್ರೆ ಹಾಲಿನ ಪುಡಿ, ಕೊಕ್ಕೋ, ತುಪ್ಪ ಮೂರನ್ನೂ ಇಡೀ ಪ್ಯಾಕೆಟ್ ತರಬೇಕು. ಉಳಿದ ಹಾಲಿನ ಪುಡಿ ಮೂಡುಬಿದಿರೆಯ ಮಳೆಗೆ ಹದಿನೈದು ದಿನದಲ್ಲಿ ಗಟ್ಟಿ ಕಲ್ಲು. ಅಲ್ಲಿ ಮಿಕ್ಸೇ ಸರಿ. ಆದ್ರೆ ಮಿಕ್ಸ್‌ನ ಖರ್ಚು ಪ್ಯಾಕೆಟ್ ಏರಿದ ಹಾಗೆ ನೇರ ಗೆರೆಯಲ್ಲಿ ಏರ್ತದೆ. ಪಾಕಕ್ಕೆ ನಿಲ್ಲುವ ಹೊತ್ತು ಒಂದು ಕೆಜಿಗೂ ಎರಡು ಕೆಜಿಗೂ ಹೆಚ್ಚು ಕಮ್ಮಿ ಒಂದೇ. (ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಫಡ್ಜ್ ಮಾಡುದು ಹೇಗೆ ಅಂತ ಕೇಳಬೇಡಿ, ವಾರ್ಡನ್ ಸರ್ ಈ ಮ್ಯಾಗಜಿನ್ ಓದ್ತಾರೆ.)

ಇನ್ನು ಹೆದರಿಕೆಯ ವಿಷಯ. ಜನ ಮಿಕ್ಸ್ ತಗೊಳ್ಳುದು ನಿಜವಾಗಿ ಟೈಮ್‌ಗಲ್ಲ, "ಹಾಳಾದ್ರೆ?" ಅಂತ. ಅಂದ್ರೆ ಅದು ಒಂಥರಾ ಇನ್ಶೂರೆನ್ಸ್. ಆದ್ರೆ ಫಡ್ಜ್, ಬರ್ಫಿ ಹಾಳಾದ್ರೆ ಸರಿ ಮಾಡ್ಲಿಕ್ಕೆ ಆಗ್ತದೆ! ಸಕ್ಕರೆ ಹರಳಾಗುದು ಕೆಮಿಕಲ್ ಬದಲಾವಣೆ ಅಲ್ಲ, ಫಿಸಿಕಲ್. ಮರಳು ಮರಳಾದ್ರೆ ಅರ್ಧ ಲೋಟ ಹಾಲು ಅಥವಾ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ ಮತ್ತೆ ಹದಕ್ಕೆ ತನ್ನಿ. ಗಟ್ಟಿ ಆಗದಿದ್ರೆ ಇನ್ನೂ ಸ್ವಲ್ಪ ಕಾಯಿಸಿ. ತಳ ಹಿಡಿದ್ರೆ ಮಾತ್ರ ದೇವರೇ ಗತಿ.

ಜಾಮೂನ್ ಹಾಗಲ್ಲ. ಬಂಟ್ವಾಳದ ನಮ್ಮ ಮನೆಯಲ್ಲಿ ಅಮ್ಮ ಒಮ್ಮೆ ಅಳತೆ ತಪ್ಪಿ ಸೋಡಾ ಹಾಕಿ, ಜಾಮೂನೆಲ್ಲ ಎಣ್ಣೆಯಲ್ಲಿ ಒಡೆದು ಹೋಯ್ತು. ಕರಿದದ್ದನ್ನು ವಾಪಸ್ ಹಿಟ್ಟು ಮಾಡ್ಲಿಕ್ಕೆ ಆಗ್ತದಾ? ಅಲ್ಲಿ ಮೈದಾ, ಹಾಲಿನ ಪುಡಿ, ಸೋಡಾದ ಪ್ರಪೋರ್ಷನ್‌ಗೆ ದುಡ್ಡು ಕೊಟ್ರೆ ತಪ್ಪಿಲ್ಲ. ಮತ್ತೆ ಜಾಮೂನ್ ಪಾಕದ ಸಕ್ಕರೆ ನಮ್ಮದೇ ಡಬ್ಬದ್ದು, ಮಿಕ್ಸ್ ರೇಟಿಗೆ ಸಕ್ಕರೆ ಕೊಳ್ಳುದಿಲ್ಲ. ಹಾಗಾಗಿ ಎಲ್ಲ ಮಿಕ್ಸೂ ಮೋಸ ಅಂತ ನಾನು ಹೇಳುದಿಲ್ಲ. ಎಂಟಿಆರ್‌ನವರು 1975ರ ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗೆ ಸರ್ಕಾರ ಕಟ್ಟಿದ ರೇಟ್ ಗಿಟ್ಟದೆ ಪುಡಿ, ಮಿಕ್ಸ್ ಪ್ಯಾಕೆಟ್ ಕಡೆಗೆ ತಿರುಗಿದ್ದು, ಅದರಿಂದ ಎಷ್ಟೋ ಮನೆಗಳಿಗೆ ಉಪಕಾರವೇ ಆಗಿದೆ.

"ಕೊಕ್ಕೋ ರೇಟ್ ಏರಿದೆಯಲ್ಲ, ಅದಕ್ಕೇ ಮಿಕ್ಸ್ ದುಬಾರಿ" ಅಂತ ನನ್ನ ರೂಮ್‌ಮೇಟ್ ವಾದ. 2024ರಲ್ಲಿ ಅಂತಾರಾಷ್ಟ್ರೀಯ ಮಾರ್ಕೆಟ್‌ನಲ್ಲಿ ಟನ್ನಿಗೆ 10,000 ಡಾಲರ್ ದಾಟಿದ್ದು ನಿಜ. ನಮ್ಮ ಜಿಲ್ಲೆಯ ಅಡಿಕೆ ತೋಟಗಳಲ್ಲೇ ಕೊಕ್ಕೋ ಬೆಳೀತದೆ, ಕ್ಯಾಂಪ್ಕೋದ ಚಾಕೊಲೇಟ್ ಫ್ಯಾಕ್ಟರಿ 1986ರಿಂದ ಪುತ್ತೂರಲ್ಲಿ ಉಂಟು. ಆದ್ರೆ ದೊಡ್ಡಮ್ಮನ ಅಳತೆಯಲ್ಲಿ ಕೊಕ್ಕೋ ಇರುದೇ ನೂರಕ್ಕೆ ಆರು ಪಾಲು. ಅದರ ರೇಟ್ ಡಬಲ್ ಆದ್ರೂ ಕೆಜಿಗೆ 65 ರೂಪಾಯಿ ಏರ್ತದೆ, ಅಷ್ಟೇ.

ದೊಡ್ಡಮ್ಮ ಪಾಕವನ್ನೇ ಹಿಡಿದರು, ದೊಡ್ಡ ಬಾಣಲೆಯಲ್ಲಿ ಮೂರು ಸಲ. ಮೊದಲ ಸಲದ್ದು ಪಾಕ ಏರಿ ಪುಡಿ ಪುಡಿ ಆಯ್ತು. ಫೋನ್ ಸ್ಪೀಕರ್‌ಗೆ ಹಾಕಿ ಹಾಲು ಹಾಕ್ಲಿಕ್ಕೆ ಹೇಳಿದೆ, ಹೆದರಿ ಹೆದರಿ ಹಾಕಿದರು, ಸರಿ ಆಯ್ತು. ಬಿಸಿ ಆರುವ ಮೊದಲು ಡಬ್ಬಕ್ಕೆ ತುಂಬಿಸ್ಲಿಕ್ಕೆ ಮಾತ್ರ ಬಿಡಲಿಲ್ಲ. ಒಳಗೆ ಹಬೆ ನೀರಾಗಿ ಬರ್ಫಿ ಮೇಲೆ ಬಿದ್ರೆ ಅಂಟಂಟು ಆಗ್ತದೆ. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ಸಕ್ಕರೆ ಬೆವರ್ತದೆ, ಹಾಗಾಗಿ ಪೂರ್ತಿ ತಣಿದ ಮೇಲೆ ಬಟರ್ ಪೇಪರ್ ಹಾಕಿ ಮುಚ್ಚಳ ಬಿಗಿ ಮಾಡಿದರು. ಈಗ ಇನ್ನೊಂದು ಮನೆಯವರು ಎರಡು ಕೆಜಿ ಕೇಳಿದ್ದಾರೆ.