ಆನಂದದ ಹೆಸರಿನಲ್ಲಿ ಅನರ್ಥ

ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದುಡಿಯುವ ಭಕ್ತರೊಬ್ಬರು, ಮಠದಲ್ಲಿ ಓದಿದವನೆಂಬ ನಂಬುಗೆಯಿಂದ ನನ್ನಲ್ಲಿಗೆ ಬಂದಿದ್ದರು. ಹದಿನೇಳರ ಮಗ ಓದು ಬಿಟ್ಟು ಕೋಣೆ ಸೇರಿದ್ದ. ರಾತ್ರಿ ನಿದ್ರೆಯಿಲ್ಲ, ಯಾರೋ ತನ್ನನ್ನು ಹಿಂಬಾಲಿಸುತ್ತಿರುವರೆಂಬ ಭಯ. “ಸ್ವಾಮಿ, ಯಾರೋ ಮಾಟ ಮಾಡಿಸಿದ್ದಾರೆ, ಒಂದು ತಾಯಿತ ಕಟ್ಟಿಕೊಡಿ” ಎಂದರು. ವೈದ್ಯರಲ್ಲಿಗೆ ಹೋಗಿರೆಂದೆ. ಹುಡುಗ ಎರಡು ವರ್ಷಗಳಿಂದ ಗಾಂಜಾ ಸೇದುತ್ತಿದ್ದುದು ಅಲ್ಲಿ ತಿಳಿದುಬಂದಿತು. ದಂಪತಿಗಳಿಬ್ಬರಿಗೂ ಪಾಳಿಯ ದುಡಿಮೆ. ಮಗನೊಡನೆ ಕುಳಿತು ಉಣ್ಣುವುದೇ ಅಪರೂಪವಾಗಿತ್ತು.

ಮೆದುಳಿನ ಬೆಳವಣಿಗೆ ಇಪ್ಪತ್ತೈದರ ಆಸುಪಾಸಿನವರೆಗೂ ನಡೆಯುತ್ತದೆ. ವಿವೇಕ, ಸಂಯಮಗಳಿಗೆ ಆಧಾರವಾದ ಅದರ ಮುಂಭಾಗವು ಎಲ್ಲಕ್ಕಿಂತ ತಡವಾಗಿ ಪಕ್ವವಾಗುತ್ತದೆ. ನರಕೋಶಗಳ ಸಂದೇಶಗಳನ್ನು ಹದದಲ್ಲಿರಿಸಲು ದೇಹವೇ ಕೆಲವು ದ್ರವ್ಯಗಳನ್ನು ಉತ್ಪಾದಿಸಿಕೊಳ್ಳುತ್ತದೆ. 1992ರಲ್ಲಿ ಅವುಗಳಲ್ಲೊಂದನ್ನು ಕಂಡುಹಿಡಿದ ವಿಜ್ಞಾನಿಗಳು ಸಂಸ್ಕೃತದ ‘ಆನಂದ’ ಶಬ್ದದಿಂದಲೇ ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟರು. ಗಾಂಜಾದಲ್ಲಿರುವ ಟಿ.ಎಚ್.ಸಿ. ಎಂಬ ಅಂಶವು ಆ ದ್ರವ್ಯದ ಸ್ಥಾನವನ್ನೇ ಆಕ್ರಮಿಸುತ್ತದೆ. ದೇಹವು ಅಳತೆಯರಿತು ಒದಗಿಸುತ್ತಿದ್ದುದನ್ನು ಇದು ಅಳತೆಯಿಲ್ಲದೆ ಸುರಿಯುತ್ತದೆ. ಇದರಿಂದ ನೆನಪು, ಏಕಾಗ್ರತೆ, ಕಲಿಕೆಗಳು ಕುಂದುತ್ತವೆ.

ಸ್ವೀಡನ್ನಿನಲ್ಲಿ ಸೇನೆಗೆ ಕರೆಸಲ್ಪಟ್ಟ 45 ಸಾವಿರಕ್ಕೂ ಹೆಚ್ಚು ತರುಣರ ಅಧ್ಯಯನವೊಂದು 1987ರಲ್ಲಿ ಪ್ರಕಟವಾಯಿತು. ಹದಿನೆಂಟರೊಳಗೆ ಐವತ್ತಕ್ಕೂ ಹೆಚ್ಚು ಬಾರಿ ಗಾಂಜಾ ಸೇವಿಸಿದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗವು ಸುಮಾರು ಆರು ಪಟ್ಟು ಹೆಚ್ಚಾಗಿ ಕಂಡಿತ್ತು. ಸೇದಿದವರೆಲ್ಲ ರೋಗಿಗಳಾಗುವುದಿಲ್ಲ, ವಂಶದ ಹಿನ್ನೆಲೆಯಂತಹ ಬೇರೆ ಕಾರಣಗಳೂ ಸೇರಿರುತ್ತವೆ. ಆದರೆ ವಯಸ್ಸು ಎಳೆಯದಾದಷ್ಟೂ, ಸೇವನೆ ಹೆಚ್ಚಾದಷ್ಟೂ ಅಪಾಯ ಹೆಚ್ಚು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ನಮ್ಮ ದೇಶದಲ್ಲಿ ಭಂಗಿ, ಗಾಂಜಾ, ಚರಸ್ ಸೇವಿಸುವವರನ್ನು ಸುಮಾರು 3.1 ಕೋಟಿಯೆಂದು ಅಂದಾಜಿಸಿತು.

“ಇದು ಶಿವನಿಗೆ ಪ್ರಿಯವಾದುದಲ್ಲವೇ?” ಎಂದು ತರುಣರು ಕೇಳುವುದುಂಟು. ಕೆಲವು ಜಾತ್ರೆಗಳಲ್ಲಿ ಗಾಂಜಾ ಪ್ರಸಾದವೆನಿಸಿರುವುದೂ ನಿಜ. ಆದರೆ ದೇಹವನ್ನೇ ದೇಗುಲವಾಗಿ ಕಂಡ ಶರಣರ ಮಾರ್ಗದಲ್ಲಿ, ಅಂಗೈಯ ಇಷ್ಟಲಿಂಗದ ಮೇಲೆ ದೃಷ್ಟಿ ನಿಲ್ಲಬೇಕು. ದೃಷ್ಟಿ ನಿಲ್ಲಲು ಚಿತ್ತ ಸ್ವಸ್ಥವಿರಬೇಕು. ಚಿತ್ತವನ್ನು ಚದುರಿಸುವ ವಸ್ತು ನಮಗೆ ಪ್ರಸಾದವಾಗಲಾರದು.

ತಂದೆತಾಯಿಗಳು ಹೊಡೆದು ಬಡಿದು ಫಲವಿಲ್ಲ. ಮುಚ್ಚಿಡುವುದು ಇನ್ನೂ ಕೇಡು. ಮಗನ ನಿದ್ರೆ, ಓದು, ಸ್ನೇಹಗಳಲ್ಲಿ ಏಕಾಏಕಿ ವ್ಯತ್ಯಾಸ ಕಂಡರೆ ಹತ್ತಿರ ಕೂರಿಸಿಕೊಂಡು ಮಾತನಾಡಿಸಬೇಕು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಶುಲ್ಕವಿಲ್ಲದೆ ಸಲಹೆ ದೊರೆಯುತ್ತದೆ; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಪೊಲೀಸರ ಭಯದಿಂದ ಹಿಂಜರಿಯಬೇಕಿಲ್ಲ. 1985ರ ಮಾದಕವಸ್ತು ಕಾಯ್ದೆಯ 64ಎ ಕಲಮಿನಂತೆ, ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ಮಾನ್ಯ ಸಂಸ್ಥೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದು ಪೂರೈಸಿದರೆ ಮೊಕದ್ದಮೆಯಿಂದ ರಕ್ಷಣೆಯುಂಟು.

ಆ ಹುಡುಗನಿಗೆ ಈಗ ನಿದ್ರೆ ಮರಳಿದೆ. ಓದು ಇನ್ನೂ ಮರಳಿಲ್ಲ. “ತಾಯಿತ ಹುಡುಕುತ್ತ ಐದು ತಿಂಗಳು ಕಳೆದೆ, ಸ್ವಾಮಿ” ಎಂದು ತಂದೆ ಇಂದಿಗೂ ಮರುಗುತ್ತಾರೆ. ಅವರ ಆ ಐದು ತಿಂಗಳು ಇನ್ನೊಂದು ಮನೆಯವರಿಗೆ ಉಳಿಯಲೆಂದೇ ಇದನ್ನು ಬರೆದಿದ್ದೇನೆ.