ಕಂದು ಹಾಕಿದ ಎಮ್ಮೆ

ಕಣಕುಂಬಿ, ಜಾಂಬೋಟಿಯ ಕಾಡಿನಲ್ಲಿ ಮಳೆ ಧೋ ಎಂದು ಸುರಿಯುವ ದಿನಗಳಲ್ಲೂ ಖಾನಾಪುರ ತಾಲ್ಲೂಕಿನ ಮೂಡಣದ ಬೀಡಿ ಕಡೆ ಬರೀ ಜಿಟಿಜಿಟಿ. ಕೊಟ್ಟಿಗೆಯಲ್ಲಿ ಸೆಗಣಿ, ಹಸಿ ಮೇವು, ಹೊಗೆ ಬೆರೆತ ವಾಸನೆ. ಎಮ್ಮೆ ಗೋದಲಿಗೆ ಬಾಯಿ ಹಾಕಿಲ್ಲ. ಬಾಲದ ಬುಡದಲ್ಲಿ ರಕ್ತ ಒಣಗಿದೆ.

‘ಏಳ ತಿಂಗಳಾಗಿತ್ರೀ ಡಾಕ್ಟರ್ರ, ಕಂದ ಹಾಕೇತಿ.’

‘ಕಸ ಬಿತ್ತೇನ್ರಿ ಕಾಕಾ?’

‘ಎಲ್ಲೀದ್ರೀ! ನಾನ ಕೈ ಹಾಕಿ ತಗದೆ.’

ಪಶುವೈದ್ಯ ಎಮ್ಮೆಯನ್ನು ಬಿಟ್ಟು ಕಾಕಾನ ಕೈ ನೋಡುತ್ತಾನೆ. ಕಬ್ಬಿನ ಗರಿ ಕೊಯ್ದ ಗೀರುಗಳು, ಒಡೆದ ಉಗುರುಸಂದಿ. ಇದು ಕಂದು ರೋಗವೇ ಆಗಿದ್ದರೆ ಆ ಕಸದ, ಅಂದರೆ ಮಾಸಿನ, ತುಂಬ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಅದು ಒಳಹೋಗಲು ಒಂದು ಗೀರು ಸಾಕು, ಒಂದು ಗುಟುಕು ಹಸಿ ಹಾಲೂ ಸಾಕು.

ಒಳಗೆ ನಡೆಯುವುದು ಸೂಕ್ಷ್ಮದರ್ಶಕದ ಕೆಳಗಿನ ಕತೆ. ಮ್ಯಾಕ್ರೋಫೇಜ್ ಎಂಬ ಕಾವಲು ಕೋಶ ಬ್ಯಾಕ್ಟೀರಿಯಾವನ್ನು ನುಂಗಿ ಪೊರೆಯ ಚೀಲವೊಂದರಲ್ಲಿ ಕೂಡಿಹಾಕುತ್ತದೆ. ಚೀಲ ಹುಳಿಯಾಗುತ್ತದೆ, ಒಳಬಂದವುಗಳಲ್ಲಿ ಹೆಚ್ಚಿನವು ಅಲ್ಲೇ ಸಾಯುತ್ತವೆ. ಉಳಿದ ಕೆಲವಕ್ಕೆ ಮಾತ್ರ ಕೊಲ್ಲಲೆಂದು ಬಂದ ಆ ಹುಳಿಯೇ ಸಂಕೇತ. ವಿರ್‌ಬಿ ಎಂಬ ಯಂತ್ರಾಂಗ ಎದ್ದು, ಚೀಲದ ಪೊರೆಯಾಚೆಗೆ ಬ್ಯಾಕ್ಟೀರಿಯಾದ ಪ್ರೋಟೀನುಗಳನ್ನು ದಾಟಿಸತೊಡಗುತ್ತದೆ. ಅವುಗಳಲ್ಲೊಂದಾದ ರಿಕ್‌ಎ, ಕೋಶದ್ದೇ ಆದ ರ‍್ಯಾಬ್‌2 ಪ್ರೋಟೀನಿನ ಕೈ ಹಿಡಿಯುತ್ತದೆ. ಚೀಲ ದಾರಿ ಬದಲಿಸಿ, ಕೋಶ ತನ್ನ ಪ್ರೋಟೀನು ತಯಾರಿಸುವ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿನತ್ತ ಸಾಗುತ್ತದೆ.

ಆ ಜಾಗ ಮುಂಜಾನೆಯ ಹಾಲಿನ ಡೇರಿಯಂತೆ: ತುಂಬಿದ ಕ್ಯಾನು ಯಾವಾಗ, ಯಾವ ಗಾಡಿ ಹತ್ತಬೇಕೆಂದು ನೋಡಿಕೊಳ್ಳುವ ಆಳು ಸಾರ್‌1 ಎಂಬ ಪ್ರೋಟೀನು. ಬ್ರುಸೆಲ್ಲಾ ಈ ಆಳನ್ನು ಕೊಲ್ಲುವುದಿಲ್ಲ, ದುಡಿಸಿಕೊಳ್ಳುತ್ತದೆ. ಸೆಲ್ಲಿ, ಸಾಲ್ಸೆಡೊ, ಗೋರ್ವೆಲ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಾರ್‌1 ಅನ್ನು ತಡೆದಾಗ ಬ್ಯಾಕ್ಟೀರಿಯಾಕ್ಕೆ ಮರಿ ಹಾಕಲಾಗಲಿಲ್ಲ. ಸಂಖ್ಯೆ ಬೆಳೆದ ಮೇಲೆ ಹೊರಬೀಳುವುದಕ್ಕೂ ಅದು ಕೋಶದ ಬೆಕ್ಲಿನ್‌1ರಂಥ ಪ್ರೋಟೀನುಗಳನ್ನೇ ಬಳಸುತ್ತದೆ. ಅವು ಇರುವುದು ಕೋಶದ ಕಸ ಗುಡಿಸುವುದಕ್ಕೆ. ಇಷ್ಟು ಒಗೆತನ ನಡೆಸುವಾಗ ಗದ್ದಲವನ್ನೂ ಮಾಡುವುದಿಲ್ಲ, ಅದೇ ಸಿಟ್ಟು ಬರಿಸುವ ಸಂಗತಿ. ಮೈಯ ಎಚ್ಚರಿಕೆ ಗಂಟೆಗಳು ಅದರ ಹೊರಕವಚಕ್ಕೆ ತಡವಾಗಿ, ಮೆಲ್ಲಗೆ ಬಾರಿಸುತ್ತವೆ.

ಹಾಗಾಗಿ ಜ್ವರವೂ ಬಿಟ್ಟು ಬಿಟ್ಟು ಬರುತ್ತದೆ. ಸಂಜೆ ಏರಿ, ಬೆಳಗಿನ ಜಾವ ಬೆವರಿ ಇಳಿಯುತ್ತದೆ. ಸೊಂಟ ಹಿಡಿಯುತ್ತದೆ, ಕೀಲು ನೋಯುತ್ತವೆ. ಟೈಫಾಯ್ಡ್ ಎಂದು ಒಂದು ಸುತ್ತು, ಮಲೇರಿಯಾ ಎಂದು ಇನ್ನೊಂದು ಸುತ್ತು ಗುಳಿಗೆ ನುಂಗಿದವರು ಉತ್ತರ ಕರ್ನಾಟಕದಲ್ಲಿ ಕಡಿಮೆಯಿಲ್ಲ. ವಿಜಯಪುರದ 16 ವರ್ಷಗಳ ರಕ್ತಪರೀಕ್ಷೆಗಳನ್ನು ಒಟ್ಟುಗೂಡಿಸಿ ಡಾ. ಬಿ. ಜಿ. ಮಂಟೂರ ಮತ್ತು ಸಂಗಡಿಗರು 2006ರಲ್ಲಿ ಬರೆದ ಪ್ರಬಂಧದಲ್ಲಿ ಈ ರೋಗ ಪತ್ತೆಯಾದ ವಯಸ್ಕರೇ 495 ಮಂದಿ.

ಇತ್ತ ಬೆಳಗಾವಿ ಪೇಟೆಯಲ್ಲಿ ಕುಂದಾದ ಬಾಣಲೆ ಕುದಿಯುತ್ತಲೇ ಇದೆ. ಹಾಲು ಬತ್ತಿ ಖವೆಯಾಗಿ, ಸಕ್ಕರೆ ಕೆಂಪಗಾಗುವ ಹೊತ್ತಿಗೆ ಬ್ರುಸೆಲ್ಲಾದ ಸುಳಿವೂ ಉಳಿಯದು. ಭಯವಿರುವುದು ಕೆಚ್ಚಲಿಂದ ನೇರ ಬಾಯಿಗೆ ಬರುವ ನೊರೆಹಾಲಿನಲ್ಲಿ. ಒಮ್ಮೆ ಕಂದು ಹಾಕಿದ ಎಮ್ಮೆ ಮುಂದಿನ ಸಲ ಸರಿಯಾಗಿಯೇ ಈದೀತು, ನೋಡಲು ಗಟ್ಟಿಮುಟ್ಟಾಗಿದ್ದೀತು. ಹಾಲಿನಲ್ಲಿ ಮಾತ್ರ ರೋಗ ಹರಿಯುತ್ತಿರಬಹುದು.

ವೈದ್ಯ ಎಮ್ಮೆಯ ರಕ್ತ ತೆಗೆದು ಸೀಸೆಗೆ ಇಳಿಸುತ್ತಾನೆ. ಕಂದನ್ನೂ ಕಸವನ್ನೂ ಸುಣ್ಣ ಹಾಕಿ ಆಳವಾಗಿ ಹುಗಿಯಲು, ನಾಯಿ ಎಳೆಯದಂತೆ ಮೇಲೆ ಕಲ್ಲು ಹೇರಲು ಹೇಳುತ್ತಾನೆ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಕರುಗಳಿಗೆ ಒಂದೇ ಒಂದು ಚುಚ್ಚುಮದ್ದು ಇದೆ ಎನ್ನುತ್ತಾನೆ.

‘ನಮಗಿಲ್ಲೇನ್ರೀ ಆ ಸೂಜಿ?’

‘ಮನಷ್ಯಾರಿಗಿಲ್ಲ ಕಾಕಾ. ಜ್ವರ ಬಂದ್ರ ತಡಾ ಮಾಡಬ್ಯಾಡ್ರಿ, ಬೆಳಗಾವಿ ದೊಡ್ಡ ದವಾಖಾನಿಗೆ ಹೋಗಿ ಎಮ್ಮಿ ಸಂಗತಿ ಮೊದಲ ಹೇಳ್ರಿ. ಆರು ವಾರ ಗುಳಿಗಿ ಇರ್ತಾವು. ಜ್ವರ ಇಳೀತಂತ ನಡಕ ಬಿಡಬ್ಯಾಡ್ರಿ.’