ಹಳೇ ಹೊಲಿಗೆ ಮಿಷನ್ ಗುಜರಿಗೆ ಕೊಡುವ ಮುನ್ನ

ನಿಮ್ಮ ಮನೆಯ ಮೂಲೆಯಲ್ಲೂ ಒಂದು ಕಪ್ಪು ಹೊಲಿಗೆ ಮಿಷನ್ ಹಳೇ ಸೀರೆ ಹೊದ್ದು, ತಲೆಯ ಮೇಲೆ ಮಡಿಸಿಟ್ಟ ಬಟ್ಟೆಯ ರಾಶಿ ಹೊತ್ತು ಕೂತಿದೆಯೇ? "ಅದು ಓಡೋಲ್ಲ ಕಣ್ರೀ, ನಮ್ಮತ್ತೆ ಕಾಲದ್ದು" ಎನ್ನುವಿರಾದರೆ, ಸೋದರಿ, ಈ ನಾಲ್ಕು ಮಾತು ನಿಮಗಾಗಿಯೇ.

ನಮ್ಮಲ್ಲಿರುವುದು ಅಮ್ಮನಿಂದ ಬಂದ ಸಿಂಗರ್ 15ಕೆ. ಆ 'ಕೆ' ಅಕ್ಷರ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಊರಿನ ಕಿಲ್‌ಬೋವಿ ಕಾರ್ಖಾನೆಯ ಗುರುತು. ಆ ಕಾರ್ಖಾನೆಯೇ 1980ರಲ್ಲಿ ಮುಚ್ಚಿಹೋಯಿತು. ಅಲ್ಲಿ ಹುಟ್ಟಿದ ಮಿಷನ್ ತಿಪಟೂರಿನ ನಮ್ಮ ನಡುಮನೆಯಲ್ಲಿ ಇನ್ನೂ ರವಿಕೆ ಹೊಲಿಯುತ್ತಿದೆ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಮೂವರನ್ನು ಸಾಕಿದ್ದು ಇದನ್ನು ತುಳಿದೇ. ಅಂಥದ್ದನ್ನು ಗುಜರಿಗೆ ಕೊಡಲು ಹೊರಟವಳೂ ನಾನೇ!

ಆಗಿದ್ದಿಷ್ಟು. ಪಕ್ಕದ ಮನೆಯ ಮದುವೆಗೆ 11 ರವಿಕೆ ಒಪ್ಪಿಕೊಂಡಿದ್ದೆ. ಮಗಳ ಕಾಲೇಜು ಫೀಜಿಗೆ ಆ ದುಡ್ಡೇ ಆಧಾರ. ಎರಡು ರವಿಕೆ ಮುಗಿಯುವಷ್ಟರಲ್ಲಿ ಮಿಷನ್ ಎಷ್ಟು ತುಳಿದರೂ ಏಳದ ಹಾಗಾಯಿತು. ರಿಪೇರಿಯವನು ಬಂದ, ಚಕ್ರ ಎರಡು ಸಲ ಅಲ್ಲಾಡಿಸಿದ. "ಒಳಗೆಲ್ಲ ಸವೆದಿದೆ ಅಮ್ಮಾ, ಪಾರ್ಟು ಸಿಗೋಲ್ಲ. ಗುಜರಿ ರೇಟಿಗೆ ಕೊಡೋದಾದ್ರೆ ನಾನೇ ಒಯ್ತೀನಿ" ಅಂದ. ನಮ್ಮೆಜಮಾನರೂ ತಲೆಯಾಡಿಸಿದರು. ರಾತ್ರಿ ಅಮ್ಮನಿಗೆ ಫೋನು ಮಾಡಿ ಅತ್ತೆ. ಅಮ್ಮ ಕೇಳಿದ್ದು ಒಂದೇ ಮಾತು: "ಯಾವ ಎಣ್ಣೆ ಬಿಡ್ತಿದ್ದೀಯೆ?"

ನಮ್ಮದು ತೆಂಗಿನ ಸೀಮೆ. ಮನೆಯಲ್ಲಿ ಕೊಬ್ಬರಿ ಎಣ್ಣೆಗೆ ಬರವಿಲ್ಲ, ಅದನ್ನೇ ಬಿಡುತ್ತಿದ್ದೆ. "ತಲೆಗೆ ಹಚ್ಚೋದನ್ನ ಮಿಷನ್ನಿಗೆ ಬಿಟ್ಟಿದ್ದೀಯಲ್ಲೇ!" ಎಂದು ಅಮ್ಮ ಬೈದ ಬೈಗುಳ ಇನ್ನೂ ಕಿವಿಯಲ್ಲಿದೆ. ಅಡುಗೆ ಎಣ್ಣೆ, ಕೊಬ್ಬರಿ ಎಣ್ಣೆ ಯಾವುದೇ ಆಗಲಿ, ದಿನ ಕಳೆದಂತೆ ಒಳಗೆ ಅಂಟಾಗಿ ಕೂರುತ್ತದೆ. ಧನುರ್ಮಾಸದ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುವುದಿಲ್ಲವೇ? ಸವೆತವಲ್ಲ, ನಮ್ಮ ಮಿಷನ್ನಿಗೆ ಆಗಿದ್ದು ಅದೇ.

ಅಮ್ಮ ಹೇಳಿದಂತೆ ಮಾಡಿದೆ. ನೀವೂ ಮಾಡಬಹುದು. ದಾರ, ಬಾಬಿನ್ ತೆಗೆದು, ಬಟ್ಟೆ ಒತ್ತುವ ಪಾದವನ್ನು ಮೇಲೆತ್ತಿ. ಎಣ್ಣೆ ಬಿಡುವ ತೂತುಗಳಿಗೆಲ್ಲ, ಲೋಹಕ್ಕೆ ಲೋಹ ಉಜ್ಜುವ ಕಡೆಗೆಲ್ಲ ಎರಡೆರಡು ಹನಿ ಸೀಮೆಎಣ್ಣೆ ಬಿಟ್ಟು ಹತ್ತು ನಿಮಿಷ ಓಡಿಸಿ. ಒಲೆ, ದೀಪ ಹತ್ತಿರ ಬೇಡ. ಇಳಿದು ಬರುವ ಕಂದು ಜಿಗುಟನ್ನು ಒರೆಸಿ, ಮತ್ತೆ ಬಿಡಿ. ನನಗೆ ನಾಲ್ಕು ಸಲ ಬೇಕಾಯಿತು. ಮೂರನೇ ಸಲಕ್ಕೆ ಚಕ್ರ ತಾನಾಗಿ ಅರ್ಧ ಸುತ್ತು ಹೆಚ್ಚಿಗೆ ತಿರುಗಿದಾಗ ನನಗಾದ ಸಂತೋಷ ಹೇಳತೀರದು. ಆಮೇಲೆ ಅದೇ ಜಾಗಗಳಿಗೆ ಮಿಷನ್ ಎಣ್ಣೆ ಒಂದೊಂದೇ ಹನಿ. ಮೈ ಒರೆಸಲು ಸ್ಪಿರಿಟ್ ಮಾತ್ರ ಮುಟ್ಟಬೇಡಿ, ಚಿನ್ನದ ಹೂಬಳ್ಳಿ ಎದ್ದು ಬರುತ್ತದೆ.

ಇನ್ನು ದಿನನಿತ್ಯದ ತಕರಾರುಗಳು. ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದೆಯೇ? ಮೊದಲು ಸೂಜಿ ಬದಲಾಯಿಸಿ. ಸೂಜಿಯ ಚಪ್ಪಟೆ ಮಗ್ಗುಲನ್ನು ಗಾಜಿನ ಮೇಲಿಟ್ಟು ನೋಡಿದರೆ ಸೊಟ್ಟಗಾಗಿದ್ದು ತಿಳಿಯುತ್ತದೆ. ಸೂಜಿಗೆ ಒಂದು ಕಡೆ ಉದ್ದ ಗೀರಿರುತ್ತದಲ್ಲ, ದಾರ ಆ ಕಡೆಯಿಂದಲೇ ಪೋಣಿಸಬೇಕು. ತೆಳು ರೇಷ್ಮೆಗೆ 11ನೇ ನಂಬರು, ರವಿಕೆ ಬಟ್ಟೆಗೆ 14, ದಪ್ಪ ಬಟ್ಟೆಗೆ 16.

ಬಟ್ಟೆಯ ಕೆಳಗೆ ದಾರ ಗಂಟುಗಂಟಾದರೆ ಎಲ್ಲರೂ ಬಾಬಿನ್ ಕೇಸಿನ ತಿರುಪಿಗೆ ಕೈ ಹಾಕುತ್ತಾರೆ. ತಪ್ಪಿರುವುದು ಮೇಲೆ! ಪಾದ ಇಳಿಸಿಕೊಂಡು ದಾರ ಹಾಕಿದರೆ ಟೆನ್ಷನ್ ಬಿಲ್ಲೆಗಳ ನಡುವೆ ಅದು ಕೂರುವುದೇ ಇಲ್ಲ. ಪಾದ ಎತ್ತಿ ಮತ್ತೊಮ್ಮೆ ಹಾಕಿ ನೋಡಿ. ಅನುಮಾನವಿದ್ದರೆ ಮೇಲೆ ಕೆಂಪು, ಕೆಳಗೆ ಬಿಳಿ ದಾರ ಹಾಕಿ ಹೊಲಿಯಿರಿ. ಕೆಳಮಗ್ಗುಲಲ್ಲಿ ಕೆಂಪು ಇಣುಕಿದರೆ ಮೇಲಿನ ಟೆನ್ಷನ್ ಸಡಿಲ, ಮೇಲೆ ಬಿಳಿ ಇಣುಕಿದರೆ ಅದು ಬಿಗಿ.

ಚಕ್ರ ತಿರುಗುತ್ತೆ, ಸೂಜಿ ಅಲುಗೋಲ್ಲ ಅಂತೀರಾ? ಬಾಬಿನ್ನಿಗೆ ದಾರ ಸುತ್ತಲು ಚಕ್ರದ ನಡುವಿನ ತಿರುಪು ಸಡಿಲಿಸಿದವರು ಮತ್ತೆ ಬಿಗಿ ಮಾಡಲು ಮರೆತಿದ್ದೀರಿ. ಇದಕ್ಕೂ ಒಮ್ಮೆ ನಾನು ದುಡ್ಡು ತೆತ್ತಿದ್ದೇನೆ, ಯಾರಿಗೂ ಹೇಳಬೇಡಿ!

ಚರ್ಮದ ಬೆಲ್ಟು ಸಡಿಲವಾಗಿ ಜಾರುತ್ತಿದ್ದರೆ ಕಾಲಂಗುಲ ಕತ್ತರಿಸಿ, ಕೊಂಡಿ ಮತ್ತೆ ಹಾಕಿ. ಹಲ್ಲಿನ ಸಂದಿಯಲ್ಲಿ, ಷಟಲ್ ಸುತ್ತ ಸೇರುವ ನೂಲಿನ ಧೂಳನ್ನು ಹದಿನೈದು ದಿನಕ್ಕೊಮ್ಮೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಿರಿ. ಚಕ್ರವನ್ನು ಯಾವಾಗಲೂ ನಿಮ್ಮ ಕಡೆಗೇ ತಿರುಗಿಸಿ, ಹಿಂದಕ್ಕೆ ತಿರುಗಿಸಿದರೆ ದಾರ ಸಿಕ್ಕಿಕೊಳ್ಳುತ್ತದೆ. ಇಷ್ಟೆಲ್ಲ ಮಾಡಿಯೂ ಸೂಜಿ ಷಟಲ್ಲಿಗೆ ತಗುಲುತ್ತಿದ್ದರೆ ಮಾತ್ರ ನಂಬಿಕಸ್ಥ ರಿಪೇರಿಯವರನ್ನು ಕರೆಯಿರಿ, ಅದು ನಮ್ಮ ಕೈಕೆಲಸವಲ್ಲ.

ಉಳಿದ ಒಂಬತ್ತು ರವಿಕೆ ಮದುವೆಯ ಹಿಂದಿನ ದಿನ ಸಂಜೆಗೆ ಮುಗಿಸಿಕೊಟ್ಟೆ. ಆದರೆ ಮೊದಲನೆಯದರ ತೋಳಿಗೆ ಎಣ್ಣೆ ಕಲೆ ಹತ್ತಿ, ಟಾಲ್ಕಂ ಪೌಡರ್ ಉದುರಿಸಿ ತೆಗೆಯುವಷ್ಟರಲ್ಲಿ ಸಾಕಾಯಿತು. ಹಾಗಾಗಿ ಎಣ್ಣೆ ಬಿಟ್ಟ ರಾತ್ರಿ ಪಾದದ ಕೆಳಗೆ ಒಂದು ಚಿಂದಿ ಇಟ್ಟು ಮಲಗಿ. ಬೆಳಿಗ್ಗೆ ಮೊದಲು ಅದರ ಮೇಲೆಯೇ ಒಂದು ಗೇಣು ಹೊಲಿದು, ಆಮೇಲೆ ಒಳ್ಳೆ ಬಟ್ಟೆ ಹಿಡಿಯಿರಿ.